ಮೌನವೂ ಸತ್ಯವೂ

ಸುಳ್ಳಾಡುವುದು ದೋಷವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಹೇಳಬೇಕಾದುದನ್ನು ಹೇಳದೆ ಇರುವುದೂ ಅಸತ್ಯವೇ ಆಗುವುದೋ ಎಂಬುದು ಮಾತ್ರ ಸುಲಭವಾಗಿ ತೀರುವ ಪ್ರಶ್ನೆಯಲ್ಲ. ದೂರದ ಕೆನಡಾ ದೇಶದ ಒಬ್ಬ ಆಟಗಾರರ ಬಾಳು ಈ ಪ್ರಶ್ನೆಯನ್ನು ವಿಚಾರವಂತರ ಮುಂದಿಡುತ್ತದೆ.

ವಿಲ್ಲಿ ಓರೀ ಎಂಬವರು 1935ರಲ್ಲಿ ಫ್ರೆಡರಿಕ್ಟನ್ ಪಟ್ಟಣದಲ್ಲಿ ಜನಿಸಿದರು. ಹಿಮವು ಹೆಪ್ಪುಗಟ್ಟುವ ಆ ಸೀಮೆಯಲ್ಲಿ ಐಸ್ ಹಾಕಿಯೇ ಜನಪ್ರಿಯವಾದ ಆಟ. ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ಧರಿಸಿ, ಮಂಜುಗಡ್ಡೆಯ ಮೇಲೆ ಜಾರುತ್ತ, ಗಟ್ಟಿ ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆಯುವರು. ಓರೀಯವರು ಇಪ್ಪತ್ತರ ಆಸುಪಾಸಿನಲ್ಲಿದ್ದಾಗ ಅಂತಹ ಬಿಲ್ಲೆಯೊಂದು ಸಿಡಿದು ಅವರ ಬಲಗಣ್ಣಿಗೆ ಬಡಿಯಿತು. ಆ ಕಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಯಿತು. ಇನ್ನು ಆಡಲಾಗದೆಂದು ವೈದ್ಯರು ಹೇಳಿದರು. ಕೆಲವೇ ವಾರಗಳಲ್ಲಿ ಅವರು ಮತ್ತೆ ಆಟಕ್ಕಿಳಿದರು. ಕಣ್ಣಿನ ಸಂಗತಿಯನ್ನು ತಂಡದವರಿಂದ ಮರೆಮಾಡಿದರು.

ನ್ಯಾಷನಲ್ ಹಾಕಿ ಲೀಗಿನಲ್ಲಿ ಒಕ್ಕಣ್ಣರು ಆಡಕೂಡದೆಂಬ ನಿಯಮವಿದ್ದಿತು. ಆದರೂ 1958ರ ಜನವರಿ 18ರಂದು ಅವರು ಬಾಸ್ಟನ್ ಬ್ರೂಯಿನ್ಸ್ ತಂಡದ ಪರವಾಗಿ ಆಡಿ, ಆ ಲೀಗಿನ ಮೊದಲನೆಯ ಕಪ್ಪುವರ್ಣದ ಆಟಗಾರರೆನಿಸಿದರು. ಮೈಬಣ್ಣವನ್ನು ಮರೆಮಾಚುವಂತಿರಲಿಲ್ಲ, ಅದಕ್ಕಾಗಿ ನಿಂದೆಯ ಮಾತುಗಳನ್ನು ಕೇಳಿದರು. ಕಣ್ಣಿನ ಊನವನ್ನು ಮರೆಮಾಚಬಹುದಾಗಿತ್ತು, ಮರೆಮಾಚಿದರು.

ಇದು ವಂಚನೆಯಲ್ಲವೇ? ಸಂಬಳ ಕೊಡುವವರಿಗೆ ಆಟಗಾರನ ಸ್ಥಿತಿಯನ್ನು ತಿಳಿಯುವ ಹಕ್ಕುಂಟು. ಮೇಲಾಗಿ ಆ ನಿಯಮವು ಕ್ರೌರ್ಯದಿಂದ ಹುಟ್ಟಿದುದಲ್ಲ. ಒಂದು ಕಣ್ಣನ್ನು ಕಳೆದುಕೊಂಡ ಬಳಿಕವೂ ಆಡಿ, ಇನ್ನೊಂದು ಕಣ್ಣಿಗೂ ಪೆಟ್ಟು ತಿಂದ ಟ್ರುಶಿನ್ಸ್ಕಿ ಎಂಬ ಹಿಂದಿನ ಆಟಗಾರರ ಹೆಸರಿನಿಂದಲೇ ಅದನ್ನು ಕರೆಯುವ ವಾಡಿಕೆಯಿದೆ. ಉಳಿದ ಕಣ್ಣೂ ಹೋಗಿದ್ದರೆ ಆ ದುಃಖವು ಓರೀಯವರೊಬ್ಬರದೇ ಆಗುತ್ತಿರಲಿಲ್ಲ, ಅವರ ಮನೆಯವರದೂ ಆಗುತ್ತಿತ್ತು. ಆದುದರಿಂದ ಅವರ ಮೌನವು ನಿರ್ದೋಷವೆಂದು ಹೇಳುವುದು ಉಚಿತವಲ್ಲ.

ಆದರೆ ದೋಷದ ತೂಕವನ್ನು ನಿರ್ಣಯಿಸುವಾಗ ಉದ್ದೇಶವನ್ನೂ ನೋಡಬೇಕು. ಮನಸ್ಸಿನೊಳಗಿನ ಉದ್ದೇಶವನ್ನು ಕಾಣುವ ಬಗೆ ಹೇಗೆ? ಬಯಸಿದ ಫಲವು ಕೈತಪ್ಪಿದ ಮೇಲೆ ಮನುಷ್ಯನು ಏನು ಮಾಡುತ್ತಾನೆಂಬುದನ್ನು ನೋಡಿದರೆ ಅದು ತಿಳಿಯುತ್ತದೆ. ಓರೀಯವರಿಗೆ ಆ ದೊಡ್ಡ ಲೀಗಿನಲ್ಲಿ ದೊರೆತುದು 45 ಆಟಗಳು, 4 ಗೋಲುಗಳು ಮಾತ್ರ. 1961ರಲ್ಲಿ ಬಾಸ್ಟನ್ನಿನವರು ಅವರನ್ನು ಮಾಂಟ್ರಿಯಲ್ ತಂಡಕ್ಕೆ ಬಿಟ್ಟುಕೊಟ್ಟರು. ಆ ತಂಡಕ್ಕಾಗಿ ಅವರು ದೊಡ್ಡ ಲೀಗಿನಲ್ಲಿ ಒಂದು ಆಟವನ್ನೂ ಆಡಲಿಲ್ಲ. ಕೀರ್ತಿಗಾಗಿಯೇ ಮೌನವನ್ನು ಹಿಡಿದಿದ್ದರೆ ಅಲ್ಲಿಗೆ ಆಟವನ್ನು ಬಿಡಬೇಕಾಗಿತ್ತು. ಅವರು ಬಿಡಲಿಲ್ಲ. ಲಾಸ್ ಏಂಜಲಿಸ್, ಸ್ಯಾನ್ ಡಿಯೇಗೋ ಮೊದಲಾದ ನಗರಗಳ ಕಿರಿಯ ಲೀಗಿನ ತಂಡಗಳಲ್ಲಿ, ಕೀರ್ತಿಯ ಬೆಳಕಿನಿಂದ ದೂರದಲ್ಲಿ, ದುಡಿಮೆಗಾರರಂತೆ 1979ರವರೆಗೂ ಆಡಿದರು. ಎಡಪಕ್ಕದಲ್ಲಿ ಆಡುವಾಗ ಬಿಲ್ಲೆಯನ್ನು ಕಾಣಲು ಕುತ್ತಿಗೆಯನ್ನೇ ತಿರುಗಿಸಬೇಕಾಗುತ್ತಿತ್ತು. ಲಾಸ್ ಏಂಜಲಿಸ್‌ನ ತರಬೇತುದಾರರು ಅವರನ್ನು ಬಲಪಕ್ಕಕ್ಕೆ ಹಾಕಿದ ಮೇಲೆ ಆಟವು ಎಡಗಣ್ಣಿನ ಎದುರಿಗೇ ಬಂದಿತು, ಗೋಲುಗಳು ಹೆಚ್ಚಿದವು. ಕಾಣದುದಕ್ಕಾಗಿ ಮರುಗದೆ, ಕಾಣುವುದನ್ನು ಚೆನ್ನಾಗಿ ನೋಡುವುದನ್ನು ಅವರು ರೂಢಿಸಿಕೊಂಡಿದ್ದರು.

ಮುಂದೆ ಅವರೇ ಈ ಗುಟ್ಟನ್ನು ಲೋಕದ ಮುಂದೆ ಹೇಳಿಕೊಂಡರು. 2018ರಲ್ಲಿ ಹಾಕಿಯ ಕೀರ್ತಿಭವನವು ಅವರನ್ನು ಸೇರಿಸಿಕೊಂಡಿತು. 2022ರಲ್ಲಿ ಬಾಸ್ಟನ್ ತಂಡವು ಅವರ ಅಂಗಿಯ 22ನೆಯ ಸಂಖ್ಯೆಯನ್ನು ಇನ್ನಾರಿಗೂ ಕೊಡದಂತೆ ಗೌರವಿಸಿತು. ಆದರೆ ಈ ಮನ್ನಣೆಯು ಹಿಂದಿನ ಮೌನವನ್ನು ಸತ್ಯವನ್ನಾಗಿ ಮಾಡಲಾರದು. ಫಲವು ಒಳ್ಳೆಯದಾಯಿತೆಂದು ಮಾರ್ಗವು ಶುದ್ಧವಾಯಿತೆನ್ನುವುದು ತರ್ಕವಲ್ಲ.

ಹಾಗಾದರೆ ನಿರ್ಣಯವೇನು? ಪರರ ಪಾಲನ್ನು ಕಸಿಯಲು ಹೂಡುವ ಮೌನವು ಕಳವು. ಕೆಲಸವನ್ನು ಉಳಿಸಿಕೊಳ್ಳಲು ಹಿಡಿಯುವ ಮೌನವು ಸಾಲ. ಕಳವಿಗೆ ಶಿಕ್ಷೆಯುಂಟು, ಸಾಲಕ್ಕೆ ತೀರಿಕೆಯುಂಟು. ಓರೀಯವರು ಆ ಸಾಲವನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ದುಡಿಮೆಯಿಂದ ತೀರಿಸಿದರು. ಕೊನೆಗೆ ಸತ್ಯವನ್ನು ನುಡಿದು ಪತ್ರವನ್ನು ಹರಿದರು. ಸಾಲ ಮಾಡದಿರುವುದೇ ಮೇಲು. ಮಾಡಿದವನು ತೀರಿಸದಿರುವುದು ಮಾತ್ರ ಕ್ಷಮೆಗೆ ಅರ್ಹವಲ್ಲ.