ಬೆಳಕಿನ ವೇಗ ಯಾರ ಲೆಕ್ಕದಲ್ಲಿ?

ಪುಣೆಯ ಧನಕವಡಿಯಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥ ಕನ್ನಡಿಗರು ಊರಿಗೆ ಹೊರಟರೆ ಕಾತ್ರಜದಲ್ಲಿ ಬಸ್ಸು ಹತ್ತುತ್ತೇವೆ. ಕಿಟಕಿ ಪಕ್ಕ ಕೂತು ಹೊರಗೆ ನೋಡುವಾಗ ಬಸ್ಸು ಹೊರಟಿತು ಅನಿಸುತ್ತದೆ. ಹೊರಟದ್ದು ಪಕ್ಕದ ಬಸ್ಸು ಎಂದು ಆಮೇಲೆ ತಿಳಿಯುತ್ತದೆ. ಕಣ್ಣು ಮೋಸ ಹೋಯಿತು ಎನ್ನುತ್ತೇವೆ. ಆದರೆ ಕಣ್ಣು ಹೇಳಿದ್ದು ಇಷ್ಟೆ: ಎರಡು ಬಸ್ಸುಗಳ ಅಂತರ ಬದಲಾಗುತ್ತಿದೆ. ಯಾವುದು ನಿಂತಿದೆ ಎಂಬ ತೀರ್ಪು ನಾವು ಸೇರಿಸಿದ್ದು.

ಆರ್ಯಭಟ 499ರಲ್ಲೇ ಇದನ್ನು ಹಿಡಿದಿದ್ದ. ದೋಣಿಯಲ್ಲಿ ಸಾಗುವವನಿಗೆ ದಡ ಹಿಂದೆ ಸರಿದಂತೆ ಕಾಣುವ ಹಾಗೆ, ತಿರುಗುವ ಭೂಮಿಯ ಮೇಲಿರುವವರಿಗೆ ನಕ್ಷತ್ರಗಳು ಪಶ್ಚಿಮಕ್ಕೆ ಓಡಿದಂತೆ ಕಾಣುತ್ತವೆ ಎಂದ. ತಮ್ಮನೋ ತಂಗಿಯೋ ಇಲ್ಲದೆ ಯಾರೂ ಅಣ್ಣನಾಗುವುದಿಲ್ಲ. ವೇಗವೂ ಹಾಗೆ, ಒಂದು ಸಂಬಂಧ. ಯಾರ ಲೆಕ್ಕದಲ್ಲಿ ಎಂದು ಕೇಳದೆ ವೇಗ ಹೇಳಲಾಗದು. ಆ 'ಯಾರ ಲೆಕ್ಕ' ಎಂಬುದಕ್ಕೇ ಭೌತವಿಜ್ಞಾನದಲ್ಲಿ ಆಧಾರ ಚೌಕಟ್ಟು ಎನ್ನುವುದು. ಕುಲುಕದೆ, ತಿರುಗದೆ, ಒಂದೇ ವೇಗದಲ್ಲಿ ನೇರ ಸಾಗುವ ಚೌಕಟ್ಟುಗಳನ್ನಷ್ಟೇ ಇಲ್ಲಿ ನೋಡೋಣ. ಕಾತ್ರಜ ಘಾಟಿನ ತಿರುವು ಬೇಡ.

ಗಂಟೆಗೆ 40 ಕಿಲೋಮೀಟರ್ ವೇಗದ ಬಸ್ಸಿನೊಳಗೆ ಕಂಡಕ್ಟರ್ 4 ಕಿಲೋಮೀಟರ್ ವೇಗದಲ್ಲಿ ಮುಂದೆ ನಡೆದರೆ, ರಸ್ತೆಯಲ್ಲಿ ನಿಂತವರ ಲೆಕ್ಕಕ್ಕೆ ಅವರ ವೇಗ 44. ಈಗ ಅದೇ ಬಸ್ಸಿನ ಹೆಡ್‌ಲೈಟ್ ಹೊತ್ತಿಸಿ. ಬೆಳಕಿಗೂ ಬಸ್ಸಿನ 40 ಸೇರಬೇಕಲ್ಲವೇ? ಸೇರುವುದಿಲ್ಲ. ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. ಡ್ರೈವರ್ ಅಳೆದರೂ, ಧನಕವಡಿಯ ಶಂಕರ ಮಹಾರಾಜರ ಮಠದ ಎದುರು ರಸ್ತೆಯಲ್ಲಿ ನಿಂತವರು ಅಳೆದರೂ.

ನಂಬಲು ಕಷ್ಟ. ಪ್ರಯೋಗಗಳು ನಂಬಿಸಿವೆ. ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ಓಡುವ ಭೂಮಿಯ ಮೇಲೆ ಬೆಳಕಿನ ವೇಗ ದಿಕ್ಕಿಗೊಂದು ತೆರನಾಗುತ್ತದೆಯೇ ಎಂದು 1887ರಲ್ಲಿ ಮೈಕೆಲ್ಸನ್ ಮತ್ತು ಮೋರ್ಲಿ ಹುಡುಕಿದರು. ನಿರೀಕ್ಷಿಸಿದ ವ್ಯತ್ಯಾಸ ಸಿಗಲಿಲ್ಲ. 1964ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ, ಬೆಳಕಿನ ವೇಗದ ಶೇಕಡಾ 99.9ಕ್ಕೂ ಮಿಕ್ಕಿ ಓಡುತ್ತಿದ್ದ ಪಯಾನ್ ಕಣಗಳು ಮುಂದಕ್ಕೆ ಹೊರಸೂಸಿದ ಗಾಮಾ ಕಿರಣಗಳ, ಅಂದರೆ ಕಣ್ಣಿಗೆ ಕಾಣದ ಬೆಳಕಿನ, ವೇಗ ಅಳೆದರು. ಅದೂ ಅಷ್ಟೇ ಇತ್ತು.

1905ರಲ್ಲೇ ಐನ್‌ಸ್ಟೈನ್ ಬೆಳಕಿನ ಈ ಬದಲಾಗದ ವೇಗವನ್ನು ತೊಡಕೆಂದು ತಳ್ಳದೆ ತಳಪಾಯವಾಗಿ ಇಟ್ಟುಕೊಂಡ. ಆಗ ಕುಸಿದದ್ದು ನಾವು ಎಂದೂ ಅನುಮಾನಿಸದ 'ಈಗ' ಎಂಬ ಮಾತು. ಚಲಿಸುವ ಬಸ್ಸಿನ ನಟ್ಟನಡುವೆ ದೀಪ ಮಿಂಚಲಿ. ಒಳಗೆ ಕೂತವರಿಗೆ ಬೆಳಕು ಮುಂಬಾಗಿಲನ್ನೂ ಹಿಂಬಾಗಿಲನ್ನೂ ಒಟ್ಟಿಗೆ ಮುಟ್ಟುತ್ತದೆ. ರಸ್ತೆಯವರಿಗೆ ಹಿಂಬಾಗಿಲು ಬೆಳಕಿಗೆ ಎದುರಾಗಿ ಬರುತ್ತಿದೆ, ಮುಂಬಾಗಿಲು ದೂರ ಓಡುತ್ತಿದೆ. ಎರಡೂ ಕಡೆ ಬೆಳಕಿನ ವೇಗ ಒಂದೇ ಆದ್ದರಿಂದ ಹಿಂಬಾಗಿಲಿಗೆ ಮೊದಲು ಮುಟ್ಟುತ್ತದೆ. ಇಬ್ಬರ ಗಡಿಯಾರವೂ ಕೆಟ್ಟಿಲ್ಲ. 'ಒಟ್ಟಿಗೆ' ಎಂಬುದಕ್ಕೂ, ಹಾಗೆಯೇ ಕಾಲದ, ದೂರದ ಅಳತೆಗೂ 'ಯಾರ ಲೆಕ್ಕದಲ್ಲಿ' ಎಂದು ಕೇಳಬೇಕಾಯಿತು. ನಮ್ಮ ಬಸ್ಸಿನಲ್ಲಿ ಈ ವ್ಯತ್ಯಾಸ ಸೆಕೆಂಡಿನ ಕೋಟಿ ಕೋಟಿ ಭಾಗದಲ್ಲಿ ಒಂದಕ್ಕಿಂತಲೂ ಕಡಿಮೆ. ಅದಕ್ಕೇ ಯಾರಿಗೂ ತಿಳಿಯದು.

'ಎಲ್ಲವೂ ಸಾಪೇಕ್ಷ, ಅವರವರ ಸತ್ಯ ಅವರವರಿಗೆ' ಎಂದು ಐನ್‌ಸ್ಟೈನನ ಹೆಸರು ಹೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎಲ್ಲ ಚೌಕಟ್ಟಿನಲ್ಲೂ ಬದಲಾಗದೆ ಉಳಿಯುವುದು ಯಾವುದೆಂಬ ಹುಡುಕಾಟವೇ ಈ ಸಿದ್ಧಾಂತದ ಜೀವ.

ಒಂದು ಉದಾಹರಣೆ ನೋಡಿ. ನಂಜನಗೂಡಿನಲ್ಲಿ ಹುಟ್ಟಿದ ವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿದು ಮ್ಯೂಆನ್ ಎಂಬ ಕಣಗಳನ್ನು ಎಣಿಸಿದರು. ಇವು ಸುಮಾರು 15 ಕಿಲೋಮೀಟರ್ ಎತ್ತರದ ಗಾಳಿಯಲ್ಲಿ ಹುಟ್ಟುತ್ತವೆ. ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 2.2 ಭಾಗ, ಅಷ್ಟರಲ್ಲಿ ಬೆಳಕೇ ಹೋಗುವುದು 660 ಮೀಟರ್. ನೆಲ ಮುಟ್ಟುವ ಮೊದಲೇ ಹೆಚ್ಚುಕಡಿಮೆ ಎಲ್ಲವೂ ಅಳಿಯಬೇಕಿತ್ತು. ಆದರೆ ಈಗ ಅಂಗೈ ಚಾಚಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯೂಆನ್ ಅದನ್ನು ಹಾದು ಹೋಗುತ್ತದೆ. ನಮ್ಮ ಲೆಕ್ಕದಲ್ಲಿ, ವೇಗವಾಗಿ ಬರುವ ಅದರ ಕಾಲ ನಿಧಾನಿಸಿ ಆಯುಸ್ಸು ಹತ್ತಾರು ಪಟ್ಟು ಹಿಗ್ಗಿತು. ಮ್ಯೂಆನಿನ ಲೆಕ್ಕದಲ್ಲಿ ಆಯುಸ್ಸು ಇದ್ದಷ್ಟೇ ಇದೆ; ಎದುರಾಗಿ ಬಂದ ಗಾಳಿಯ ದಪ್ಪವೇ ಕುಗ್ಗಿತು. ಕಾಲದ ಬಗ್ಗೆ, ದೂರದ ಬಗ್ಗೆ ಇಬ್ಬರಿಗೂ ಒಮ್ಮತವಿಲ್ಲ. ಅಂಗೈಗೆ ಬಂದು ಮುಟ್ಟಿತು ಎಂಬುದರಲ್ಲಿ ಇದೆ.