ತಿದ್ದಲು ಬಿಡುವ ಗೌರವ

ಹಿರಿಯರನ್ನು ಗೌರವಿಸಲು ನಮ್ಮಲ್ಲಿ ಒಂದು ಸಿದ್ಧ ಅಚ್ಚಿದೆ: ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಸಾಧ್ಯವಾದರೆ ಮೈಸೂರು ಪೇಟ. ಹತ್ತು ನಿಮಿಷದಲ್ಲಿ ಸನ್ಮಾನ ಮುಗಿಯುತ್ತದೆ. ಸನ್ಮಾನಿತರು ಕೈಮುಗಿದು, ಫೋಟೋಗೆ ನಿಂತು, ಮತ್ತೆ ಕುರ್ಚಿಗೆ ಮರಳುತ್ತಾರೆ. ಇದರಲ್ಲಿ ಪ್ರೀತಿಯಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಇಲ್ಲಿ ಹಿರಿಯರಿಗೆ ಉಳಿದಿರುವ ಕೆಲಸ ಒಂದೇ, ಸುಮ್ಮನೆ ಸ್ವೀಕರಿಸುವುದು. ಹಾಗಾದರೆ ಗೌರವವೇ ಅವರನ್ನು ನಯವಾಗಿ ಬದಿಗೆ ಕೂರಿಸುವ ಉಪಾಯವೂ ಆಗಬಹುದಲ್ಲವೇ?

ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ನಮ್ಮ ಸಂಸತ್ತು ಕಾಯ್ದೆಯನ್ನೇ ಮಾಡಿತು. ಅದು ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು. ‘ನೀವು ನಮಗೆ ಇನ್ನೂ ಬೇಕು’ ಎಂಬ ಮಾತನ್ನು ಮಾತ್ರ ಯಾವ ಕಾಯ್ದೆಯೂ ಆಡಿಸಲಾರದು. ಆ ಮಾತನ್ನು ಆಡುವುದು ಹೇಗೆ?

ಉತ್ತರ ಕರ್ನಾಟಕದ ಮನೆಗಳಲ್ಲಿ ಬೆಳೆದವರಿಗೆ ಕೌದಿ ಗೊತ್ತು. ಉಟ್ಟು ಮೆತ್ತಗಾದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಇಡೀ ಮೈಗೆ ಸಾಲು ಹೊಲಿಗೆ ಹಾಕುತ್ತಾರೆ. ಸಾಮಾನ್ಯವಾಗಿ ಅದು ಅಜ್ಜಿಯಿಂದ ಮೊಮ್ಮಗುವಿಗೆ ಬರುವ ಕೊಡುಗೆ. ನಮ್ಮ ಓಣಿಯಲ್ಲಿ ಒಮ್ಮೆ ಇದು ತಿರುವುಮುರುವಾಯಿತು. ಅನೇಕ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಅಜ್ಜಿಗಾಗಿ ಅವಳ ಕೈಯಲ್ಲೇ ಹುಟ್ಟಿದವರು ಮನೆಗೊಂದು ತುಂಡು ಬಟ್ಟೆ ತಂದು ಕೌದಿ ಹೊಲಿದರು. ಅಜ್ಜಿ ಅದನ್ನು ಹೊದೆಯಲಿಲ್ಲ. ಮಗುಚಿ ಹಿಂಬದಿ ನೋಡಿದಳು. “ದಾರ ಭಾಳ ಜಗ್ಗೀರಿ, ಒಗದ ಮ್ಯಾಲೆ ಸುಕ್ಕ ಬೀಳತೈತಿ. ಸೂಜಿ ತರ್ರಿ” ಎಂದಳು. ಒಂದು ಸಾಲು ಬಿಚ್ಚಿ, ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಮತ್ತೆ ಹಾಕಿ ತೋರಿಸಿದಳು.

ಶಾಲಿನ ತಪ್ಪನ್ನು ಯಾರೂ ಹೀಗೆ ಹಿಡಿಯುವುದಿಲ್ಲ. ಹಿಡಿದರೆ ಅದು ಅಸಭ್ಯತೆ. ಕೈಯಿಂದ ಮಾಡಿದ ವಸ್ತು ಪರೀಕ್ಷೆಗೆ ತೆರೆದುಕೊಂಡಿರುತ್ತದೆ. ಅದನ್ನು ಪರೀಕ್ಷಿಸಬಲ್ಲವರು ಆ ಕೆಲಸ ಬಲ್ಲ ಹಿರಿಯರೇ.

ಫ್ರೆಂಚ್ ಚಿಂತಕ ಮಾರ್ಸೆಲ್ ಮಾಸ್ 1925ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಕೊಟ್ಟ ವಸ್ತುವಿನಲ್ಲಿ ಕೊಟ್ಟವರ ಅಂಶವೂ ಇರುತ್ತದೆ, ಅದಕ್ಕೇ ಅದು ಮರುಕೊಡುಗೆಯನ್ನು ಬೇಡುತ್ತದೆ ಎಂದು ವಾದಿಸಿದ. ಈ ಬೆಳಕಿನಲ್ಲಿ ನೋಡಿದರೆ ಓಣಿಯವರು ಕೊಟ್ಟದ್ದು ಮೊದಲ ಕೊಡುಗೆಯಲ್ಲ, ಹಳೆಯ ಋಣದ ಒಂದು ಕಂತು. ಅಜ್ಜಿಯ ತಿದ್ದುಪಡಿ ಅದಕ್ಕೆ ಅವಳ ಮರುಕೊಡುಗೆ. ಲೆಕ್ಕ ಚುಕ್ತಾ ಆಗಲಿಲ್ಲ. ಆಗದಿದ್ದುದೇ ಒಳ್ಳೆಯದು, ಏಕೆಂದರೆ ಲೆಕ್ಕ ಮುಗಿದಲ್ಲಿ ಸಂಬಂಧವೂ ಮುಗಿಯಬಹುದು.

ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಗಳ ಮೂಲೆಗಳಲ್ಲಿ ಬಟ್ಟೆ ಮಡಿಸಿ ಮಾಡಿದ ತ್ರಿಕೋನದ ಹೂಗಳಿರುತ್ತವೆ. ಅವಿಲ್ಲದೆ ಕೌದಿ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ. ಇಂಥ ವಿದ್ಯೆ ದಾಟುವುದು ಪಕ್ಕದಲ್ಲಿ ಕೂತು, ತಪ್ಪು ಮಾಡಿ, ಬಿಚ್ಚಿಸಿಕೊಂಡು.

ಇಲ್ಲಿ ಒಂದು ಎಚ್ಚರವೂ ಬೇಕು. ‘ಕೈಯಾರೆ ಮಾಡಿದ್ದು’ ಎಂದು ಹೊಗಳುವಾಗ ಆ ಕೈ ಯಾರದೆಂದು ಕೇಳಬೇಕು. ಬಹುಪಾಲು ಹೆಂಗಸರದೇ. ವೇದಿಕೆಯ ಭಾಷಣ ಗಂಡಸರಿಗೆ, ರಾತ್ರಿಯ ಹೊಲಿಗೆ ಹೆಂಗಸರಿಗೆ ಎಂದಾದರೆ ನಾವು ಒಬ್ಬರನ್ನು ಗೌರವಿಸಲು ಇನ್ನೊಬ್ಬರನ್ನು ದುಡಿಸಿಕೊಂಡಂತೆ. ಎಲ್ಲರಿಗೂ ಬಿಡುವಿಲ್ಲ ಎಂಬುದೂ ನಿಜ. ಕೊಂಡು ತಂದ ಕೈಮಗ್ಗದ ಶಾಲಿನಲ್ಲೂ ಒಬ್ಬ ನೇಕಾರನ ಕೈ ಇದೆ.

ಹಾಗಾಗಿ ನನಗೆ ಮುಖ್ಯವೆನಿಸುವುದು ಸೂಜಿದಾರವಲ್ಲ, ಅದು ಹಿರಿಯರಿಗೆ ಬಿಟ್ಟುಕೊಡುವ ಜಾಗ. ಅಜ್ಜನ ಎದುರು ಅವನೇ ಕಲಿಸಿದ ಪದ ಹಾಡಬಹುದು, ನಿವೃತ್ತ ಮೇಷ್ಟ್ರಿಗೆ ಕೈಬರಹದ ಪತ್ರ ಕೊಡಬಹುದು. ಅಜ್ಜ ತಾಳ ತಪ್ಪಿತೆಂದು ನಿಲ್ಲಿಸಿದರೆ, ಮೇಷ್ಟ್ರು ಕೆಂಪು ಪೆನ್ನಿನಿಂದ ಕಾಗುಣಿತ ತಿದ್ದಿದರೆ ಬೇಸರಪಡಬೇಕಿಲ್ಲ. ಅವರು ಆಗ ಸನ್ಮಾನಿತರಾಗಿ ಕೂತಿಲ್ಲ, ತಮ್ಮ ಕೆಲಸಕ್ಕೆ ಮರಳಿದ್ದಾರೆ.