ಒಂದಗುಳು ಸಾಕೇ?

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಹಿಸುಕಿದರೆ ಸಾಕು. ಈ ಮಾತನ್ನು ನಾವು ಮನುಷ್ಯರಿಗೂ ಹಚ್ಚುತ್ತೇವೆ. 45 ನಿಮಿಷದ ಇಂಟರ್‌ವ್ಯೂ, ಮೀಟಿಂಗಲ್ಲಿ ಆಡಿದ ಒಂದು ಮಾತು, ಅಷ್ಟಕ್ಕೇ ‘ಇವನು ಇಂಥವನು’ ಅಂತ ಷರಾ ಬರೆದಾಯ್ತು.

ಇದು ನ್ಯಾಯವಾ? ನಮ್ಮಲ್ಲಿ ಬಹಳ ಜನ ಪಾಸಾಗೋಕೆ ಓದಿ ಮರೆತ ಕಾಂಪ್ಲೆಕ್ಸ್ ಅನಾಲಿಸಿಸ್ ಇಲ್ಲಿ ನನಗೆ ನೆರವಿಗೆ ಬರುತ್ತೆ.

ಅನಲಿಟಿಕ್ ಫಂಕ್ಷನ್ ನೆನಪಿದೆಯಾ? ಸಂಕೀರ್ಣ ಸಂಖ್ಯೆಗಳ ಸಮತಲದಲ್ಲಿ ಒಂದು ಬಿಂದುವನ್ನು ಯಾವ ದಿಕ್ಕಿನಿಂದ ಸಮೀಪಿಸಿದರೂ ಅದರ ಡಿರೈವೇಟಿವ್ ಒಂದೇ. ಈ ಶಿಸ್ತಿನಿಂದಾಗಿ, ಸಣ್ಣದೊಂದು ತುಂಡಿನಲ್ಲಿ ಅದು ಹೇಗಿದೆ ಅಂತ ಗೊತ್ತಾದರೆ, ಅದು ಹಬ್ಬಿರುವ ಪ್ರದೇಶವಿಡೀ ಹೇಗಿರಬೇಕು ಅನ್ನೋದು ನಿಶ್ಚಯವಾಗಿಬಿಡುತ್ತೆ. ಸುತ್ತಲಿನ ಬೇಲಿಯ ಮೇಲಿನ ಬೆಲೆಗಳನ್ನು ಕೊಟ್ಟರೆ ಒಳಗಿನದ್ದನ್ನೆಲ್ಲ ಕೋಶಿಯ ಸೂತ್ರ ಹೇಳುತ್ತೆ. ಇಲ್ಲಿ ಒಂದಗುಳು ನಿಜಕ್ಕೂ ಸಾಕು.

ಆದರೆ ಅದೇ ಕೋಶಿ 1822ರಲ್ಲಿ ಬೇರೊಂದು ಉದಾಹರಣೆ ಕೊಟ್ಟ. ಎಕ್ಸ್ ಸ್ಕ್ವೇರ್‌ನಿಂದ ಒಂದನ್ನು ಭಾಗಿಸಿ, ಮೈನಸ್ ಹಚ್ಚಿ, ‘ಇ’ಯ ಘಾತದಲ್ಲಿ ಕೂರಿಸಿ. ಸೊನ್ನೆಯಲ್ಲಿ ಬೆಲೆ ಸೊನ್ನೆ ಅಂತಿಟ್ಟುಕೊಳ್ಳಿ. ಅಲ್ಲಿ ಅದರ ಮೊದಲ ಡಿರೈವೇಟಿವ್ ಸೊನ್ನೆ, ಎರಡನೆಯದೂ ಸೊನ್ನೆ, ನೂರನೆಯದೂ ಸೊನ್ನೆ. ಆ ಬಿಂದುವಲ್ಲಿ ನಿಂತು ಎಷ್ಟು ಕೆದಕಿದರೂ ‘ಇಲ್ಲೇನೂ ಇಲ್ಲ’ ಅಂತಲೇ ಅನ್ನಿಸುತ್ತೆ. ತುಸು ಆಚೆ ಸರಿದರೆ ಅದು ಮೇಲೇಳುತ್ತಿರುತ್ತೆ. ಇನ್ನು ಇಮ್ಯಾಜಿನರಿ ಅಕ್ಷದ ಮೇಲಿಂದ ಸೊನ್ನೆಯ ಹತ್ತಿರ ಬಂದರೋ, ಅನಂತಕ್ಕೆ ಚಿಮ್ಮುತ್ತೆ!

ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂತಾಗಲೆಲ್ಲ ನನಗೆ ಇದು ನೆನಪಾಗುತ್ತೆ. ಎದುರಿಗಿರೋರು ಅನಲಿಟಿಕ್ ಅಂತ ಹೇಳಿದವರು ಯಾರು?

‘ಹಾಗಂತ ಯಾರನ್ನೂ ಅಳೆಯಲೇಬಾರದಾ?’ ಅಂತ ನೀವು ಕೇಳಬಹುದು. ಅಳೆಯಲೇಬೇಕು. ಅದಕ್ಕೆ ಕಾಂಟೂರ್ ಇಂಟಿಗ್ರಲ್ ಒಂದು ದಾರಿ ತೋರಿಸುತ್ತೆ. ಕಾಸ್ ಎಕ್ಸ್ ಅನ್ನು ‘ಒಂದು ಪ್ಲಸ್ ಎಕ್ಸ್ ಸ್ಕ್ವೇರ್’ನಿಂದ ಭಾಗಿಸಿ ಇಡೀ ರಿಯಲ್ ಗೆರೆಯ ಮೇಲೆ ಇಂಟಿಗ್ರೇಟ್ ಮಾಡಬೇಕು ಅನ್ನಿ. ನಮಗೆ ಗೊತ್ತಿರುವ ಮಾಮೂಲಿ ಫಂಕ್ಷನ್‌ಗಳಲ್ಲಿ ಇದರ ಆಂಟಿ-ಡಿರೈವೇಟಿವ್ ಸಿಗಲ್ಲ. ಕಾಸ್ ಜಾಗಕ್ಕೆ ‘ಇ’ಯ ಘಾತ ಐ ಝಡ್ ತಂದು, ಗೆರೆ ಬಿಟ್ಟು ಮೇಲೇರಿ, ದೊಡ್ಡ ಅರ್ಧವೃತ್ತ ಸುತ್ತಿ ಬಂದರೆ ‘ಐ’ ಅನ್ನೋ ಒಂದೇ ಬಿಂದುವಿನ ರೆಸಿಡ್ಯೂ ಲೆಕ್ಕ ಮುಗಿಸುತ್ತೆ. ಉತ್ತರ: ಪೈ ಬೈ ಇ. ಪ್ರಶ್ನೆ ಪೂರ್ತಿ ಗೆರೆಯ ಮೇಲಿತ್ತು, ಅದನ್ನು ಬಿಡಿಸಿದ ಬಿಂದು ಗೆರೆಯ ಮೇಲೆ ಇರಲೇ ಇಲ್ಲ.

ಸುತ್ತಿ ಬರೋದು ಅಂದರೆ ಅವರ ಇನ್‌ಸ್ಟಾಗ್ರಾಂ ಜಾಲಾಡೋದಲ್ಲ. ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಕೇಳೋದು, ಇಂಗ್ಲಿಷ್‌ನಲ್ಲಿ ತಡವರಿಸಿದರೆ ‘ಕನ್ನಡದಲ್ಲೇ ಹೇಳಿ, ಪರವಾಗಿಲ್ಲ’ ಅನ್ನೋದು, ಬೋರ್ಡ್ ಮುಂದೆ ಐದು ನಿಮಿಷ ಸುಮ್ಮನೆ ಬಿಡೋದು.

ಇಷ್ಟಾದ ಮೇಲೂ ಕೆಲವರಿಗೆ ‘ಇಲ್ಲ’ ಅನ್ನಬೇಕಾಗುತ್ತೆ. ಈ ಕೆಲಸಕ್ಕೆ ಸದ್ಯಕ್ಕೆ ಹೊಂದಲ್ಲ ಅನ್ನೋಕೆ 45 ನಿಮಿಷ ಸಾಕಾಗಬಹುದು. ‘ಇವರ ಕೈಲಿ ಏನೂ ಆಗಲ್ಲ’ ಅನ್ನೋಕೆ ಆಗಲ್ಲ. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ನಾನು ಮೊದಲನೆಯದನ್ನಷ್ಟೇ ಬರೆಯುತ್ತೇನೆ.